ಬ್ಯಾಂಕು ಕಣಕ್ಕೆ ಬರಬೇಕು

ವೇದಿಕೆಯ ಮೇಲಿರುವ ಹಿರಿಯರೇ, ಶಾಖೆಯ ಸಿಬ್ಬಂದಿಯವರೇ, ಮನೆ ಹೊಲದ ಕೆಲಸ ಬಿಟ್ಟು ಬಂದಿರುವ ಅಕ್ಕಂದಿರೇ, ಅಣ್ಣಂದಿರೇ,

ಕಡಲೆ ರಾಶಿ ಮುಗಿದಿದೆ. ಬಿಳಿಜೋಳದ್ದೂ ಬಹುಪಾಲು ಮುಗಿದಿದೆ. ಈ ಹೊತ್ತಿನಲ್ಲಿ ಗ್ರಾಮೀಣ ಬ್ಯಾಂಕಿನ ಶಾಖೆಯೊಂದು ರೈತರ ಮನೆಮಂದಿಯನ್ನೆಲ್ಲ ಕರೆದು ಸುಗ್ಗಿ ಹಬ್ಬ ಮಾಡುತ್ತಿದೆ. "ಇದೆಲ್ಲ ಬ್ಯಾಂಕಿನ ಕೆಲಸವಾ? ಸುಮ್ನೆ ಖರ್ಚು" ಎನ್ನುವವರು ನಮ್ಮ ಇಲಾಖೆಯಲ್ಲೇ ಇದ್ದಾರೆ. ನಾನು ಗ್ರಾಮೀಣ ಬ್ಯಾಂಕಿನಲ್ಲೇ ನೌಕರಿ ಮುಗಿಸಿದವನು. ಅವರಿಗೆ ಉತ್ತರ ಹೇಳಲಿಕ್ಕೇ ಇವತ್ತು ಬಂದಿದ್ದೇನೆ. ಇದು ಬ್ಯಾಂಕಿನ ಕೆಲಸವೇ.

ಆಯ ಕೊಡುವ ಪದ್ಧತಿ ಇಲ್ಲಿರುವ ಹಿರಿಯರಿಗೆ ನೆನಪಿದೆ. ರಾಶಿ ಆದ ಮೇಲೆ ಎಲ್ಲ ಕಾಳೂ ನೇರ ಮನೆಗೆ ಹೋಗುತ್ತಿರಲಿಲ್ಲ. ಬಡಿಗನ ಪಾಲು, ಕಮ್ಮಾರನ ಪಾಲು, ತಳವಾರನ ಪಾಲು ಎಲ್ಲ ಕಣದಲ್ಲೇ ಅಳೆದು ಕೊಡುತ್ತಿದ್ದರು. ಆ ಪದ್ಧತಿಯಲ್ಲಿ ಮೇಲುಕೀಳು ಇತ್ತು. ಅದು ಹೋಗಿದ್ದೇ ಒಳ್ಳೆಯದಾಯಿತು. ಆದರೆ ಒಂದು ಲೆಕ್ಕ ಸರಿ ಇತ್ತು. ಬಡಿಗ ಬಿತ್ತನೆಗೆ ಮುಂಚೆ ಕೂರಿಗೆ ಸರಿಮಾಡಿ ಕೊಟ್ಟಿರುತ್ತಿದ್ದ. ವರ್ಷವಿಡೀ ದುಡಿದಿದ್ದಕ್ಕೆ ಕಣದಲ್ಲಿ ಅವನಿಗೆ ಪಾಲು. ಈಗ ರಾಶಿ ಆದ ಕೂಡಲೇ ಪಾಲು ಕೇಳುವವರಲ್ಲಿ ಬ್ಯಾಂಕೇ ಮೊದಲು, ಅಲ್ವಾ? ಹಾಗಾದರೆ ಬ್ಯಾಂಕೂ ಆಯಗಾರನೇ. ಆಯಗಾರ ಸುಗ್ಗಿಗೆ ಬರುವುದು ಅವನ ಹಕ್ಕು. ವರ್ಷವಿಡೀ ರೈತನ ಜೊತೆ ಇರುವುದು ಅವನ ಕೆಲಸ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗಿನ ಮಾತು. ರೋಣ ತಾಲೂಕಿನ ಒಂದು ಹಳ್ಳಿ. ರಾಶಿ ಮಾಡುವ ಯಂತ್ರ ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಸಾಲ ಬಾಕಿ ಇದ್ದ ಒಬ್ಬ ಹಿರಿಯರ ಹೊಲಕ್ಕೆ ಹೋದೆವು. ನಮ್ಮ ಮ್ಯಾನೇಜರ್ ಜೀಪನ್ನು ಬದುವಿನ ಆಚೆಗೇ ನಿಲ್ಲಿಸಿದರು. ಚಪ್ಪಲಿ ಅಲ್ಲೇ ಬಿಟ್ಟರು. ನಾವೂ ಬಿಟ್ಟೆವು. ಎರೆಹೊಲದ ಹೆಂಟೆ ಕಾಲಿಗೆ ಚುಚ್ಚುತ್ತಿತ್ತು. ಹಿರಿಯರು ಜೋಳದ ರಾಶಿಯ ಸುತ್ತ ಬೂದಿಯಿಂದ ಗೆರೆ ಎಳೆಯುತ್ತಿದ್ದರು. "ಬರ್ರಿ ಸಾಹೇಬ್ರ, ಪೂಜಿ ಆಗೂತನಕಾ ಕುಂದರ್ರಿ" ಅಂದರು.

ಕೂತೆವು. ಕಾಯಿ ಒಡೆದರು. ಅಳೆಯಲು ಶುರುಮಾಡಿದರು. ಮೊದಲ ಅಳತೆಗೆ "ಲಾಭ" ಎಂದರು, ಆಮೇಲೆ ಎರಡು, ಮೂರು. ಅಳೆಯುವಾಗ ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ನಮ್ಮ ಜೊತೆ ಬಂದಿದ್ದ ಗುಮಾಸ್ತನಿಗೆ ತಡೆಯಲಾಗಲಿಲ್ಲ. ಎಷ್ಟು ಚೀಲ ಆಗಬಹುದು ಅಂತ ಕೇಳಲು ಬಾಯಿ ತೆಗೆದ. ಮ್ಯಾನೇಜರ್ ಅವನ ತೊಡೆಯನ್ನು ಎಂಥಾ ಚಿವುಟು ಚಿವುಟಿದರೆಂದರೆ, ವಾಪಸ್ ಬರುವಾಗ ಜೀಪಿನಲ್ಲೂ ಆತ ಉಜ್ಜಿಕೊಳ್ಳುತ್ತಲೇ ಇದ್ದ! ಆಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮ್ಯಾನೇಜರ್ ಸಾಲದ ಮಾತೇ ಎತ್ತಲಿಲ್ಲ. ಬೀಜ ಎಲ್ಲಿಯದು, ಮಗ ಏನು ಓದುತ್ತಿದ್ದಾನೆ ಎಂದು ವಿಚಾರಿಸಿದರು. ಹೊರಡುವಾಗ ಹಿರಿಯರೇ ಮಾತು ತೆಗೆದರು. "ಈಗ ರೇಟು ಬಿದ್ದದ ಸಾಹೇಬ್ರ. ಯುಗಾದಿ ಆದಮ್ಯಾಲ ಮಾರಿ ಕಟ್ಟತೀನಿ." ಮ್ಯಾನೇಜರ್ ಆಗಲಿ ಎಂದರು. ಯುಗಾದಿ ಕಳೆಯಿತು, ಹಿರಿಯರು ತಾವೇ ಶಾಖೆಗೆ ಬಂದು ಕಟ್ಟಿದರು.

ಒಳ್ಳೆಯತನದ ಕಥೆ ಅಂತ ಇದನ್ನು ಹೇಳಲಿಲ್ಲ. ಲೆಕ್ಕಾಚಾರದ ಕಥೆ ಇದು. ಎಲ್ಲರ ಕಡಲೆಯೂ ಒಂದೇ ಸಲ ಮಾರುಕಟ್ಟೆಗೆ ಬಂದಾಗ ದರ ಕುಸಿಯುತ್ತದೆ. ಸಾಲದ ವಾಯಿದೆಯೂ ಅದೇ ಹೊತ್ತಿಗೆ ಬಂದರೆ ರೈತ ಬಂದಷ್ಟಕ್ಕೆ ಮಾರುತ್ತಾನೆ. ಹಾಗಂತ ವಾಯಿದೆ ದಾಟಿಸಿದರೂ ನಷ್ಟವೇ. ಬೆಳೆಸಾಲಕ್ಕೆ ಶೇಕಡಾ 7 ಬಡ್ಡಿ, ಸಮಯಕ್ಕೆ ಕಟ್ಟಿದವರಿಗೆ ಶೇಕಡಾ 3 ಬಿಟ್ಟು 4 ಮಾತ್ರ. ಒಂದು ಲಕ್ಷ ಸಾಲಕ್ಕೆ ವರ್ಷಕ್ಕೆ 3,000 ರೂಪಾಯಿ ಫರಕು. ಇದಕ್ಕೊಂದು ದಾರಿ ಇದೆ. ಕಾಳನ್ನು ನೋಂದಾಯಿತ ಗೋದಾಮಿನಲ್ಲಿಟ್ಟು, ಗೋದಾಮಿನವರು ಕೊಡುವ ರಸೀದಿಯ ಮೇಲೆ ಸಾಲ ಪಡೆದು, ಬೆಳೆಸಾಲವನ್ನು ಸಮಯಕ್ಕೆ ಮುಟ್ಟಿಸಿ, ದರ ನೋಡಿಕೊಂಡು ಮಾರುವುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿಸಣ್ಣ ರೈತರಿಗೆ ಈ ಸಾಲವೂ 6 ತಿಂಗಳವರೆಗೆ ರಿಯಾಯಿತಿ ಬಡ್ಡಿಗೇ ಸಿಗುತ್ತದೆ. ಕಾಯ್ದರೆ ದರ ಏರಿಯೇ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಯಾವಾಗ ಮಾರಬೇಕು ಎನ್ನುವುದು ರೈತನ ಕೈಯಲ್ಲಿರಬೇಕು. ಶಾಖೆಯ ಗೋಡೆಗೆ ಅಂಟಿಸಿದ ಸುತ್ತೋಲೆಯಿಂದ ಈ ವಿಷಯ ಯಾರಿಗೆ ತಲುಪುತ್ತದೆ ಹೇಳಿ? ರಾಶಿ ಮುಗಿದ ವಾರ, ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಹೇಳಿದರೆ ತಲುಪುತ್ತದೆ. ಆಯಗಾರ ಮಾಡಬೇಕಾದ ಕೆಲಸ ಇದೇ.

ನಮ್ಮ ಗದಗ ಜಿಲ್ಲೆಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಸಾಲ ಕೊಡುವವರೂ ಕೊಳ್ಳುವವರೂ ಒಂದೇ ಊರಿನವರು. ಯಾರ ಹೊಲದಲ್ಲಿ ಏನಾಗಿದೆ ಎಂದು ಸಂಘಕ್ಕೆ ಗೊತ್ತಿರುತ್ತಿತ್ತು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಗ್ರಾಮೀಣ ಬ್ಯಾಂಕುಗಳು ಶುರುವಾದಾಗಲೂ ಆಸೆ ಅದೇ ಆಗಿತ್ತು, ಊರಿನ ಭಾಷೆ ಮಾತಾಡುವ ಬ್ಯಾಂಕು ಬೇಕು ಎಂದು. 2025ರ ಮೇ 1ರಿಂದ ಧಾರವಾಡದ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ದೊಡ್ಡದಾಗಲಿ, ಸಂತೋಷ. ದೊಡ್ಡದಾಯಿತೆಂದು ಕಣ ದೂರವಾಗಬಾರದು, ಅಷ್ಟೇ.

ಚೀಟಿ ಬಂತು, ಅಡುಗೆ ಆಗಿದೆಯಂತೆ. ಸ್ವಸಹಾಯ ಸಂಘಗಳ ಬಗ್ಗೆ ಹೇಳಬೇಕೆಂದಿದ್ದೆ, ಬೆಳೆವಿಮೆ ಬಗ್ಗೆಯೂ ಇತ್ತು. ಅವು ಇನ್ನೊಮ್ಮೆ ಇರಲಿ. ಒಂದನ್ನು ಮಾತ್ರ ಬಿಡುವುದಿಲ್ಲ. ಬೀಜ ಹಾಕಿದವರು, ಕಳೆ ತೆಗೆದವರು, ಕಡಲೆ ಕಿತ್ತವರು ಹೆಚ್ಚಾಗಿ ಇಲ್ಲಿ ಕೂತಿರುವ ಅಕ್ಕಂದಿರು. ಸಾಲ ಎಷ್ಟಿದೆ, ವಾಯಿದೆ ಯಾವಾಗ ಎನ್ನುವುದು ಇವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಯಜಮಾನ ತೀರಿಕೊಂಡ ಮೇಲೆ, ನಾಮಿನಿ ಹೆಸರಿಲ್ಲದ ಪಾಸ್‌ಬುಕ್ ಹಿಡಿದು ಶಾಖೆಯಿಂದ ತಾಲೂಕು ಕಚೇರಿಗೆ ಅಲೆದ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಇದೆ, 436 ರೂಪಾಯಿಯ ಜೀವ ವಿಮೆ ಇದೆ. ಎರಡರಲ್ಲೂ 2 ಲಕ್ಷ ಬರುತ್ತದೆ. ಹಣ ಖಾತೆಯಿಂದ ಕಟ್ಟಾಗುತ್ತಿದ್ದರೂ ಮನೆಯವರಿಗೆ ಸುದ್ದಿಯೇ ಇರುವುದಿಲ್ಲ.

ವ್ಯವಸ್ಥಾಪಕರಿಗೆ ಹೇಳಿ ಬಾಗಿಲ ಬಲಗಡೆ ಒಂದು ಮೇಜು ಹಾಕಿಸಿದ್ದೇನೆ. ಇಬ್ಬರು ಸಿಬ್ಬಂದಿ ಫಾರಂ ಇಟ್ಟುಕೊಂಡು ಕೂತಿದ್ದಾರೆ. ಇವತ್ತು ಅಲ್ಲಿ ಬಾಕಿಯ ಮಾತನ್ನು ಯಾರೂ ಎತ್ತುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ. ಪಾಸ್‌ಬುಕ್ ತಂದಿರುವವರು ಊಟಕ್ಕೆ ಮುಂಚೆ ಅಲ್ಲಿಗೆ ಹೋಗಿ, ನಾಮಿನಿ ಯಾರಿದ್ದಾರೆ ಅಂತ ನೋಡಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಜೊತೆಗೇ ಹೋಗಿ. ಬಡಿಸುವವರು ಕಾಯುತ್ತಾರೆ. ನಮಸ್ಕಾರ.