ಅಹವಾಲು ಕೇಳಿ ಹೋದ ಮಂಡಳಿ ಮತ್ತೆ ಊರಿಗೆ ಬರಬೇಕು

ನಮಸ್ಕಾರ. ಪಡುಬಿದ್ರಿ ಕಡೆಯವರಿಗೆ, ಬಜಪೆ-ಪೆರ್ಮುದೆ ಕಡೆಯವರಿಗೆ ಸಾರ್ವಜನಿಕ ಅಹವಾಲು ಸಭೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳುವ ಸಭೆ. ಶಾಮಿಯಾನ, ಮೈಕು, ಪೊಲೀಸರು. ವೇದಿಕೆ ಮೇಲೆ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದವರು, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ. ಮೊದಲು ಕಂಪನಿಯವರು ಯೋಜನೆ ವಿವರಿಸುತ್ತಾರೆ. ಆಮೇಲೆ ಊರವರ ಸರದಿ. ಬಾವಿ ನೀರು, ಗದ್ದೆ, ಮಕ್ಕಳ ಕೆಮ್ಮು, ನಮ್ಮ ಹುಡುಗರಿಗೆ ಕೆಲಸ. ಸಂಜೆ ಶಾಮಿಯಾನ ಬಿಚ್ಚಿದ ಮೇಲೆ ಮಂಡಳಿಗೂ ಊರಿಗೂ ಮಾತೇ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

2006ರ ಪರಿಸರ ಪರಿಣಾಮ ಅಧಿಸೂಚನೆ ಈ ಸಭೆಗೆ ಒಳ್ಳೆಯ ನಿಯಮಗಳನ್ನೇ ಕೊಟ್ಟಿದೆ. 30 ದಿನ ಮೊದಲೇ ನೋಟಿಸ್ ಕೊಡಬೇಕು. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಸಭೆಯ ವಿಡಿಯೋ ಆಗಬೇಕು, ಕೊನೆಗೆ ನಡಾವಳಿಯನ್ನು ಓದಿ ಹೇಳಬೇಕು. ಆದರೆ ತೀರ್ಮಾನ ಮಾಡುವವರು ಆ ವೇದಿಕೆಯಲ್ಲಿ ಇರುವುದಿಲ್ಲ. ಅವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುತ್ತಾರೆ. ಮಂಡಳಿಯದ್ದು ಸಭೆ ನಡೆಸಿ ಬರೆದು ಕಳಿಸುವ ಕೆಲಸ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅನುಮತಿ ಪಡೆದ ಕೈಗಾರಿಕಾ ಪಾರ್ಕಿನ ಒಳಗೆ ಬರುವ ಘಟಕಗಳಿಗೆ ಈ ಅಹವಾಲು ಸಭೆಯಿಂದಲೇ ವಿನಾಯಿತಿ ಇದೆ.

ಕಂಪನಿಗಳಿಗೆ ಮಂಡಳಿಯ ಜೊತೆ ವರ್ಷವಿಡೀ ಒಡನಾಟ. ಪತ್ರ, ತಪಾಸಣೆ, ಘಟಕ ನಡೆಸಲು ಮಂಡಳಿ ಕೊಡುವ ಒಪ್ಪಿಗೆ ಪತ್ರದ ನವೀಕರಣ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಅದು ತಪ್ಪಲ್ಲ, ಇರಲೇಬೇಕು. ಊರಿಗೆ ಮಾತ್ರ ಒಂದೇ ಮಧ್ಯಾಹ್ನ ಯಾಕೆ?

ಹೀಗಾದರೆ ಏನಾಗುತ್ತದೆ ಅನ್ನುವುದಕ್ಕೆ ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವೇ ಸಾಕ್ಷಿ. 1,200 ಮೆಗಾವಾಟ್‌ನ ದೊಡ್ಡ ಘಟಕ. ಬೂದಿ, ಉಪ್ಪು ನೀರು, ಬೆಳೆ ಹಾನಿ ಅಂತ ಸುತ್ತಲಿನವರು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಕೊನೆಗೆ ಪರಿಸರ ಮೊಕದ್ದಮೆ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2022ರಲ್ಲಿ ನ್ಯಾಯಮಂಡಳಿ ಕಂಪನಿಗೆ 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ತಮ್ಮ ಗದ್ದೆಯಲ್ಲಿ ಕಂಡದ್ದನ್ನು ಹೇಳಲು ರೈತರು ವಕೀಲರನ್ನು ಹುಡುಕಿಕೊಂಡು ಚೆನ್ನೈನ ಪೀಠದ ತನಕ ಹೋಗಬೇಕಾ? ಇದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಇನ್ನು ಕೊರಗ ಸಮುದಾಯ. ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಸರ್ಕಾರ ಗುರುತಿಸಿದ, ಕರ್ನಾಟಕದ ಎರಡೇ ಸಮುದಾಯಗಳಲ್ಲಿ ಒಂದು. ಇನ್ನೊಂದು ಜೇನುಕುರುಬರು. ಕೊರಗರು ಬುಟ್ಟಿ ಹೆಣೆಯುವ ಬಳ್ಳಿ ಬೆಳೆಯುವ ಕಾಡಿನ ಪಟ್ಟಾ ಅವರ ಹೆಸರಲ್ಲಿ ಇರುವುದಿಲ್ಲ. ಹಾಗಾಗಿ ಭೂಮಿ ಕಳೆದುಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರೂ ಬರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಸಮುದಾಯಗಳ ಆವಾಸದ ಹಕ್ಕನ್ನು, ಅಂದರೆ ತಲೆಮಾರುಗಳಿಂದ ಬದುಕಿ ಬಳಸಿದ ಜಾಗದ ಮೇಲಿನ ಹಕ್ಕನ್ನು, ಸ್ಪಷ್ಟವಾಗಿ ಒಪ್ಪಿದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಗಣಿಯ ವಿಷಯವನ್ನು ಗ್ರಾಮಸಭೆಗಳ ಮುಂದಿಡಲು ಹೇಳಿತು. 12 ಹಳ್ಳಿಗಳ ಸಭೆಗಳೂ ಬೇಡ ಅಂದವು, ಗಣಿ ನಿಂತಿತು. ನಮ್ಮಲ್ಲಿ ಕೊರಗರ ಕಾಲನಿಗಳು ಅಲ್ಲಲ್ಲಿ ಚದುರಿವೆ, ಗ್ರಾಮಸಭೆಯಲ್ಲಿ ಅವರು ಬೆರಳೆಣಿಕೆಯಷ್ಟು ಜನ. ಐನೂರು ಜನರ ಎದುರು ಮೈಕ್ ಹಿಡಿದು ಮಾತಾಡಿ ಅಂದರೆ ಅದು ಕೇಳಿದ ಹಾಗಲ್ಲ. ಅಧಿಕಾರಿಗಳು ಕಾಲನಿಗೇ ಹೋಗಿ, ಅಂಗಳದಲ್ಲಿ ಕೂತು, ತುಳುವಿನಲ್ಲೇ ಮಾತಾಡಬೇಕು.

ಹಾಗಾದರೆ ಏನು ಮಾಡಬೇಕು? ಹೊಸ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ. ಪರಿಸರ ಅನುಮತಿ ಪಡೆದ ಪ್ರತಿ ಕಂಪನಿಯೂ ಷರತ್ತುಗಳನ್ನು ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಜೂನ್ 1ಕ್ಕೆ ಒಂದು, ಡಿಸೆಂಬರ್ 1ಕ್ಕೆ ಇನ್ನೊಂದು. 2006ರ ಅದೇ ಅಧಿಸೂಚನೆಯ ಪ್ರಕಾರ ಅವು ಸಾರ್ವಜನಿಕ ದಾಖಲೆಗಳು, ಅರ್ಜಿ ಕೊಟ್ಟರೆ ಯಾರಿಗಾದರೂ ಪ್ರತಿ ಸಿಗಬೇಕು. ಆದರೆ ಓದುವವರು ಯಾರು? ಇಂಗ್ಲಿಷಿನಲ್ಲಿ, ಕೋಷ್ಟಕಗಳ ರಾಶಿಯಲ್ಲಿ ಸುಮ್ನೆ ಬಿದ್ದಿರುತ್ತವೆ.

ಆ ವರದಿ ಗ್ರಾಮಸಭೆಗೆ ಬರಬೇಕು. ಕಂಪನಿಯವರು, ಮಂಡಳಿಯ ಅಧಿಕಾರಿ, ಊರವರು ಎದುರುಬದುರು ಕೂರಬೇಕು. ಯಾವ ಬಾವಿಯ ನೀರು ಪರೀಕ್ಷೆ ಆಯಿತು, ಏನು ಸಿಕ್ಕಿತು, ಕಳೆದ ಸಲ ಕೇಳಿದ ಪ್ರಶ್ನೆಗೆ ಉತ್ತರ ಏನು. ಕನ್ನಡದಲ್ಲಿ ಬರೆದು, ತುಳು, ಬ್ಯಾರಿ, ಕೊಂಕಣಿಯಲ್ಲಿ ಬಿಡಿಸಿ ಹೇಳಬೇಕು. ಜೂನ್ ಒಂದಕ್ಕೇ ಯಾಂತ್ರಿಕ ಮೀನುಗಾರಿಕೆ ನಿಷೇಧ ಶುರುವಾಗುತ್ತದೆ, ಜುಲೈ 31ರ ತನಕ ಬೋಟುಗಳು ದಕ್ಕೆಯಲ್ಲಿರುತ್ತವೆ. ಬೇರೆ ದಿನಗಳಲ್ಲಿ ಕಡಲಲ್ಲೇ ಇರುವವರು ಆಗ ಊರಲ್ಲಿ ಸಿಗುತ್ತಾರೆ. ಸಭೆಗೆ ಅದಕ್ಕಿಂತ ಒಳ್ಳೆಯ ಸಮಯ ಬೇಕಾ?

ಇದರಿಂದ ಕಂಪನಿಗಳಿಗೂ ಅನುಕೂಲವೇ. ನಿಯಮ ಪಾಲಿಸುವವರು ಅಂಕಿಅಂಶ ಮುಂದಿಟ್ಟರೆ ಅನುಮಾನ ಕಡಿಮೆಯಾಗುತ್ತದೆ, ಗೇಟಿನ ಮುಂದೆ ಧರಣಿಯೂ ಕಡಿಮೆಯಾಗುತ್ತದೆ. ಮಂಡಳಿಗೆ ಸಿಬ್ಬಂದಿ ಕಡಿಮೆ ಅನ್ನುವ ಮಾತನ್ನೂ ಒಪ್ಪುತ್ತೇನೆ. ಆದರೆ ದಿನಾ ಅದೇ ತೋಡನ್ನು ನೋಡುವ ಊರವರಷ್ಟು ಒಳ್ಳೆಯ ಕಾವಲುಗಾರರು ಎಷ್ಟು ಸಂಬಳ ಕೊಟ್ಟರೂ ಸಿಗುವುದಿಲ್ಲ, ಅಲ್ವಾ?

ನಿಮ್ಮ ಪಂಚಾಯತ್ ವ್ಯಾಪ್ತಿಯಲ್ಲಿ ಪರಿಸರ ಅನುಮತಿ ಪಡೆದ ಘಟಕ ಇದ್ದರೆ ಒಂದು ಕೆಲಸ ಮಾಡಿ. ಮಂಡಳಿಯ ಕಚೇರಿ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಕೊನೆಯ ಅರ್ಧವಾರ್ಷಿಕ ವರದಿಯ ಪ್ರತಿ ಕೊಡಿ ಅಂತ ಅಲ್ಲಿಗೆ ಅರ್ಜಿ ಹಾಕಿ. ಪಂಚಾಯತ್ ಸದಸ್ಯರಾಗಿದ್ದರೆ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಿ, ಅಧಿಕಾರಿಗಳಿಗೆ ಲಿಖಿತವಾಗಿ ಆಹ್ವಾನ ಕಳಿಸಿ.