ಗೇಯೋರ್ಗ್ ಗೀಸೆಯ ಕೈಯಲ್ಲಿರುವ ಪತ್ರ

ಆದರಣೀಯ ಅಧ್ಯಕ್ಷರೆ, ಸಭಿಕ ಬಂಧುಗಳೆ,

ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ 1532ರಲ್ಲಿ ಲಂಡನ್ನಿನಲ್ಲಿ ಬರೆದ, ಈಗ ಬರ್ಲಿನ್ನಿನಲ್ಲಿರುವ, ವರ್ತಕ ಗೇಯೋರ್ಗ್ ಗೀಸೆಯ ಈ ಭಾವಚಿತ್ರವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಆ ಕೆಂಪು ರೇಷ್ಮೆಯ ತೋಳುಗಳಿಂದಲೋ ಮೇಜಿನ ಮೇಲೆ ಹಾಸಿದ ಅನಟೋಲಿಯಾದ ರತ್ನಗಂಬಳಿಯಿಂದಲೋ ಆರಂಭಿಸುತ್ತಾರೆ. ನಾನು ಗೀಸೆಯ ಬೆರಳುಗಳಿಂದ ಆರಂಭಿಸುತ್ತೇನೆ. ಅವು ಒಂದು ಪತ್ರವನ್ನು ಬಿಡಿಸುತ್ತಿವೆ. ಈ ವರ್ತಕನ ಬಂಡವಾಳವೆಲ್ಲ ಅದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1497ರಲ್ಲಿ ಡಾನ್ಜಿಗ್‌ನಲ್ಲಿ, ಅಂದರೆ ಇಂದಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಹುಟ್ಟಿದ ಗೀಸೆ, ಉತ್ತರ ಜರ್ಮನಿ ಮತ್ತು ಬಾಲ್ಟಿಕ್ ತೀರದ ವ್ಯಾಪಾರಿ ನಗರಗಳ ಒಕ್ಕೂಟವಾದ ಹಾನ್ಸಾದ ವರ್ತಕರೊಡನೆ, ಲಂಡನ್ನಿನ ಥೇಮ್ಸ್ ದಂಡೆಯಲ್ಲಿದ್ದ ಅವರ ವ್ಯಾಪಾರ ಕೇಂದ್ರವಾದ ಸ್ಟೀಲ್‌ಯಾರ್ಡ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ. ಬಾಲ್ಟಿಕ್ ಕಡೆಯಿಂದ ಮರ, ಮೇಣ, ಧಾನ್ಯ ಬರುತ್ತಿದ್ದವು. ಇಂಗ್ಲೆಂಡಿನ ಉಣ್ಣೆಬಟ್ಟೆ ಹೋಗುತ್ತಿತ್ತು. ಸರಕು ಕಡಲಿನಲ್ಲಿರುವಷ್ಟು ದಿನವೂ ವ್ಯಾಪಾರ ನಡೆಯುತ್ತಿದ್ದುದು ಕಾಗದದ ಮೇಲೆ, ಮುದ್ರೆಯ ಮೇಲೆ, ಕಾಣದ ಊರಿನವನ ಮಾತಿನ ಮೇಲೆ. ಹೋಲ್ಬೈನ್ ಇದನ್ನು ಬಲ್ಲವನಾದ್ದರಿಂದಲೇ ಮೇಜಿನ ಮೇಲೆ ಮುದ್ರೆ, ಕತ್ತರಿ, ಗರಿಯ ಲೇಖನಿಗಳನ್ನಿಟ್ಟು, ಗೋಡೆಯ ಪಟ್ಟಿಗಳ ಹಿಂದೆ ಪತ್ರಗಳನ್ನು ಸಿಕ್ಕಿಸಿದ್ದಾನೆ. ನಾಣ್ಯಗಳೂ ಇವೆ, ಆದರೆ ಒಂದು ಪುಟ್ಟ ಡಬ್ಬಿಯಲ್ಲಿ.

ಕೈಯಲ್ಲಿರುವ ಪತ್ರದ ಮೇಲಿನ ವಿಳಾಸವನ್ನು ಇಂದಿಗೂ ಓದಬಹುದು: ಇಂಗ್ಲೆಂಡಿನ ಲಂಡನ್ನಿನಲ್ಲಿರುವ ಮಾನ್ಯ ಗೀಸೆಗೆ, ನನ್ನ ಸೋದರನ ಕೈಗೆ.

ಸೋದರರ ಮಾತು ಬಂದುದರಿಂದ ಅವನ ಅಣ್ಣ ಟೀಡೆಮಾನ್‌ನನ್ನು ಕುರಿತು ಹೇಳದೆ ಮುಂದೆ ಹೋಗಲಾರೆ. ಧರ್ಮಗುರುವಾಗಿ, ಮುಂದೆ ಪ್ರಷ್ಯಾದ ಕುಲ್ಮ್‌ನ ಬಿಷಪ್ ಆದ ಈತ ಖಗೋಳಜ್ಞ ಕೋಪರ್ನಿಕಸ್‌ನ ಆಪ್ತಮಿತ್ರ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಗ್ರಂಥವನ್ನು ವರ್ಷಗಟ್ಟಲೆ ಹೊರಬಿಡದೆ ಇಟ್ಟುಕೊಂಡಿದ್ದ ಗೆಳೆಯನನ್ನು ಅದನ್ನು ಅಚ್ಚು ಹಾಕಿಸುವಂತೆ ಪದೇ ಪದೇ ಒತ್ತಾಯಿಸಿದವರಲ್ಲಿ ಈತನೂ ಒಬ್ಬ. 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಆ ಗ್ರಂಥದ ಮುನ್ನುಡಿಯಲ್ಲಿ ಕೋಪರ್ನಿಕಸ್ ಈ ಉಪಕಾರವನ್ನು ಹೆಸರು ಹೇಳಿಯೇ ಸ್ಮರಿಸಿದ್ದಾನೆ. ತಮ್ಮನಾದವನು ಬಟ್ಟೆಯ ಲೆಕ್ಕ ಬರೆಯುತ್ತಿದ್ದ ಮನೆತನದಲ್ಲಿ ಅಣ್ಣ ಗ್ರಹಗಳ ಗತಿಯ ಚರ್ಚೆಯಲ್ಲಿದ್ದ. ವರ್ತಕರು ಹಣವನ್ನಲ್ಲದೆ ಬೇರೇನನ್ನೂ ಅರಿಯದವರೆಂಬ ಮಾತನ್ನು ನಾನು ಒಪ್ಪದಿರಲು ಇದೂ ಒಂದು ಕಾರಣ.

ಇನ್ನು ಗಾಜಿನ ಹೂದಾನಿಯಲ್ಲಿರುವ ಕಾರ್ನೇಷನ್ ಹೂಗಳು. ಇವನ್ನು ವಿವಾಹ ನಿಶ್ಚಯದ ಗುರುತೆಂದು ವಿದ್ವಾಂಸರು ಓದುತ್ತಾರೆ. ಗೀಸೆ ಊರಿಗೆ ಮರಳಿ 1535ರಲ್ಲಿ ಮದುವೆಯಾದ. ಆದರೂ ಎಡಗಡೆಯ ಗೋಡೆಯ ಮೇಲೆ ಅವನ ಹೆಸರಿನೊಡನೆ ಲ್ಯಾಟಿನ್ನಿನಲ್ಲಿ ಬರೆದಿರುವುದು, ದುಃಖವಿಲ್ಲದ ಸುಖವಿಲ್ಲ ಎಂದು. ಮೂವತ್ತನಾಲ್ಕರ ಹರೆಯದ ಆ ಗಂಭೀರ ಮುಖವನ್ನು ಈ ಮಾತಿನೊಡನೆ ನೋಡಬೇಕೆಂದು ನಿಮ್ಮಲ್ಲಿ ನನ್ನ ವಿನಂತಿ.

ಅಧ್ಯಕ್ಷರು ಗಡಿಯಾರ ನೋಡುತ್ತಿರುವುದರಿಂದ ಉಳಿದುದನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಸ್ಟೀಲ್‌ಯಾರ್ಡ್‌ನ ಇದೇ ಹಾನ್ಸಾ ವರ್ತಕರು ತಮ್ಮ ಸಭಾಭವನಕ್ಕೆಂದು ಹೋಲ್ಬೈನ್‌ನಿಂದ ಎರಡು ದೊಡ್ಡ ಚಿತ್ರಗಳನ್ನು ಬರೆಸಿದರು: ಒಂದು ಸಿರಿತನದ ವಿಜಯಯಾತ್ರೆ, ಇನ್ನೊಂದು ಬಡತನದ್ದು. ಮೂಲಚಿತ್ರಗಳು ನಾಶವಾಗಿವೆ, ಉಳಿದಿರುವ ಪ್ರತಿಗಳನ್ನು ಆಸಕ್ತರು ಗೀಸೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು.