ಹರಿಹರದ ಹೊಳೆಗೂ ಕಾಸರಕೋಡಿನ ಕಡಲಾಮೆಗೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಹೊನ್ನಾವರದ ಕಾಸರಕೋಡು ತೀರ. ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದ ಊರು. ದಾವಣಗೆರೆಯಿಂದ ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಸಿಗುತ್ತದೆ. 2020ರಲ್ಲಿ ಇಲ್ಲಿನ ಬೀಚ್‌ಗೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ರಜೆ ಬಂದರೆ ನಮ್ಮ ಕಡೆಯ ಎಷ್ಟೋ ಟೆಂಪೋ ಟ್ರಾವೆಲರ್‌ಗಳು ಇತ್ತ ಮುಖ ಮಾಡುತ್ತವೆ. ನಾನು ಈ ಸಲ ಬಂದದ್ದು ಮಾತ್ರ ಮರಳಿನ ಮೇಲೆ ಕಟ್ಟಿರುವ ಈ ಬಲೆ ನೋಡಲಿಕ್ಕೆ.

ಇದರ ಕೆಳಗೆ, ಹೆಚ್ಚುಕಡಿಮೆ ಒಂದು ಮೊಳ ಆಳದಲ್ಲಿ, ಆಲಿವ್ ರಿಡ್ಲೆ ಕಡಲಾಮೆಯ ಮೊಟ್ಟೆಗಳಿವೆ. ಒಂದು ಗೂಡಿನಲ್ಲಿ ನೂರು, ನೂರಿಪ್ಪತ್ತು. ಪಿಂಗ್‌ಪಾಂಗ್ ಚೆಂಡಿನಷ್ಟು ದಪ್ಪ, ಚಿಪ್ಪು ಮೆತ್ತಗೆ. ಚಳಿಗಾಲದ ರಾತ್ರಿ ತಾಯಿ ಆಮೆ ತೆವಳುತ್ತಾ ಬರುತ್ತದೆ. ಹಿಂಗಾಲಿನಲ್ಲೇ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದಲೇ ಅದನ್ನು ತಟ್ಟಿ ಕಡಲಿಗೆ ಮರಳುತ್ತದೆ. ಮರಿಗಳನ್ನು ನೋಡಲು ಮತ್ತೆ ಬರುವುದಿಲ್ಲ.

ಬೆಳಗಿನ ಜಾವ ಉಳಿಯುವುದು ಮರಳಿನ ಮೇಲಿನ ಹೆಜ್ಜೆಸಾಲು ಮಾತ್ರ. ಅದನ್ನು ಮೊದಲು ಕಾಣುವವರು ದೋಣಿ ಇಳಿಸಲು ಬರುವ ಮೀನುಗಾರರು. ನಾಯಿ, ನರಿ ಬಂದು ಕೆದಕುವ ಮೊದಲೇ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಸುತ್ತ ಬಲೆ ಕಟ್ಟುತ್ತಾರೆ. ಅಲೆ ಬಡಿಯುವ ಜಾಗವಾದರೆ ಮೊಟ್ಟೆಗಳನ್ನು ಮೇಲಕ್ಕೆ ಸಾಗಿಸಬೇಕು. ಇದು ತುಂಬಾ ನಾಜೂಕಿನ ಕೆಲಸ. ಇಟ್ಟು ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆ ಉರುಳಿಸಿದರೆ, ತಿರುಗಿಸಿದರೆ ಒಳಗಿನ ಜೀವ ಸಾಯುತ್ತದೆ. ಹಾಗಾಗಿ ಬೇಗ ಎತ್ತಬೇಕು, ಇದ್ದ ಹಾಗೆಯೇ ಎತ್ತಬೇಕು, ಹೊಸ ಗುಂಡಿಯನ್ನೂ ಅಷ್ಟೇ ಆಳ ತೋಡಬೇಕು. ಈ ಕೈಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಲೆ ಎಳೆದು ಎಳೆದು ಬೆರಳುಗಳು ಕಾಯಿ ಕಟ್ಟಿವೆ. ಅದೇ ಬೆರಳುಗಳು ಎಷ್ಟು ಮೃದುವಾಗಿ ಮರಳು ಸರಿಸುತ್ತಿವೆ ಅಲ್ವಾ!

ಮರಿ ಹೊರಬರಲು 45ರಿಂದ 60 ದಿನ ಬೇಕು. ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣುಮರಿಗಳೇ ಹೆಚ್ಚು. ಹೊರಬಂದ ಮರಿ ಬೆಳಕು ಕಾಣುವ ಕಡೆ ಓಡುತ್ತದೆ. ಕತ್ತಲಲ್ಲಿ ಕಡಲ ಮೇಲಿನ ಬಾನೇ ಹೆಚ್ಚು ಬೆಳಗಿರುವುದರಿಂದ ಸರಿಯಾಗಿ ನೀರು ಸೇರುತ್ತದೆ. ನಾವು ದಡದಲ್ಲಿ ಕ್ಯಾಂಪ್‌ಫೈರ್ ಹಾಕಿ, ಮೊಬೈಲ್ ಟಾರ್ಚ್ ಹಿಡಿದು ಕುಣಿದರೆ ಅದು ನಮ್ಮತ್ತಲೇ ಬರುತ್ತದೆ. ಜೀಪಿನ ಚಕ್ರದ ಗುರುತಿಗೆ ಬಿದ್ದರೆ ಹತ್ತಲಾಗದೆ ಕಾಗೆಗೆ ಆಹಾರವಾಗುತ್ತದೆ. ಡಿಸೆಂಬರ್ ರಜೆಗೆ ಬೀಚ್‌ಗೆ ಹೋಗುವ ನಮ್ಮೂರಿನವರು ದಯವಿಟ್ಟು ಇದೊಂದನ್ನು ನೆನಪಿಡಿ.

ಕಾಸರಕೋಡಿನ ಮೀನುಗಾರರು ಇಲ್ಲಿಗೆ ಬರಲಿರುವ ವಾಣಿಜ್ಯ ಬಂದರಿನ ವಿರುದ್ಧವೂ ವರ್ಷಗಳಿಂದ ಹೋರಾಡುತ್ತಿದ್ದಾರೆ. ಇದು ಆಮೆ ಮೊಟ್ಟೆಯಿಡುವ ತೀರ ಎನ್ನುವುದೂ ಅವರ ವಾದ. ಈ ಮರಳನ್ನು ಹಗಲೂ ರಾತ್ರಿ ಬಲ್ಲವರ ಮಾತನ್ನೇ ಮೊದಲು ಕೇಳಬೇಕು ಎಂದು ನನಗನ್ನಿಸುತ್ತದೆ.

ಈಗ ಈ ದೃಶ್ಯ ನೋಡಿ. ಇದು ನಮ್ಮ ಹರಿಹರ, ತುಂಗಭದ್ರೆಯ ದಡ. ಹಳೇ ಬಟ್ಟೆ, ಪೂಜೆಯ ಪ್ಲಾಸ್ಟಿಕ್ ಕವರ್, ಹರಿದ ಬಲೆ. ಈ ನೀರು ಹೊನ್ನಾವರಕ್ಕೆ ಹೋಗುವುದಿಲ್ಲ. ಕೃಷ್ಣೆಯನ್ನು ಸೇರಿ, ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಆ ತೀರದಲ್ಲೂ ಇದೇ ಆಲಿವ್ ರಿಡ್ಲೆ ಮೊಟ್ಟೆಯಿಡುತ್ತದೆ. ದಾರಿಯಲ್ಲಿ ದೊಡ್ಡ ದೊಡ್ಡ ಅಣೆಕಟ್ಟುಗಳಿವೆ, ನಾವು ಎಸೆದದ್ದೆಲ್ಲ ಕಡಲು ಮುಟ್ಟುವುದಿಲ್ಲ ನಿಜ. ಆದರೆ ಹೊಳೆಯಲ್ಲೂ ಜೀವಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಇದೇ ತುಂಗಭದ್ರೆಯ 34 ಕಿಲೋಮೀಟರ್ ಉದ್ದಕ್ಕೂ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಿದೆ. 2015ರಲ್ಲಿ ಘೋಷಣೆಯಾದದ್ದು. ಬಿಟ್ಟುಹೋದ ಬಲೆಗೆ ಸಿಕ್ಕಿದರೆ ಆಮೆಯಂತೆ ನೀರುನಾಯಿಗೂ ಉಸಿರು ಕಟ್ಟುತ್ತದೆ. ಎರಡೂ ಉಸಿರಿಗಾಗಿ ಮೇಲಕ್ಕೆ ಬರಲೇಬೇಕಾದ ಪ್ರಾಣಿಗಳು.

ಅದಕ್ಕೇ ಈ ಭಾನುವಾರ ಬೆಳಗ್ಗೆ ಏಳಕ್ಕೆ ನಾವು ಕೆಲವರು ಹರಿಹರದ ಹೊಳೆದಂಡೆಯಲ್ಲಿ ಸೇರುತ್ತಿದ್ದೇವೆ. ನೀರಿನಲ್ಲಿ ಸಿಕ್ಕಿಕೊಂಡ ಹಳೇ ಬಲೆ ಎತ್ತಲು ಅಲ್ಲಿನ ಮೀನುಗಾರರೊಬ್ಬರು ತಮ್ಮ ತೆಪ್ಪ ತರುತ್ತೇನೆ ಎಂದಿದ್ದಾರೆ. ಗೋಣಿಚೀಲ, ಕೈಗವಸು ನಮ್ಮಲ್ಲಿವೆ. ದಾವಣಗೆರೆಯಿಂದ ಬರುವವರು ಶನಿವಾರ ಸಂಜೆಯೊಳಗೆ ಮೆಸೇಜ್ ಮಾಡಿ, ಕಾರಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ.